ಒಂದು ಸಾಲು ಕಲ್ಲು

ಮಾಡನ್ನು, ಅಂದರೆ ಮನೆಯ ಚಾವಣಿಯನ್ನು, ಶೀನಾಚಾರ್ರು ಹೇಳಿಯೇ ತೆಗೆಯುತ್ತಿದ್ದರು. ಮೇಜಿನ ಮೇಲೆ ಅವರೇ ಮರದಲ್ಲಿ ಮಾಡಿದ ಪುಟ್ಟ ಮನೆ, ಹೆಚ್ಚೆಂದರೆ ನಮ್ಮ ಇಡ್ಲಿ ಪಾತ್ರೆಯಷ್ಟು ಎತ್ತರ. ಅದರೆದುರು ಬಗ್ಗಿ, "ಹ್ವಾಯ್, ಮಾಡ್ ತೆಗಿತೆ ಅಕಾ" ಎಂದು ಮೆಲ್ಲಗೆ ಹೇಳಿ, ಒಂದು ಕ್ಷಣ ಮುಖ ಆಚೆ ತಿರುಗಿಸಿ, ಆಮೇಲೆ ಎರಡೂ ಕೈಯಲ್ಲಿ ಮಾಡನ್ನು ಎತ್ತುತ್ತಿದ್ದರು. ಒಳಗಿದ್ದ ಹೆಂಗಸರಿಗೆ ಸೆರಗು ಸರಿಮಾಡಿಕೊಳ್ಳಲು ಪುರುಸೊತ್ತು ಕೊಟ್ಟ ಹಾಗೆ.

ಕುಂದಾಪುರದ ಹೊಳೆಬದಿಯ ಹಳೆ ಹಂಚಿನ ಕಾರ್ಖಾನೆಯನ್ನು ಮ್ಯೂಸಿಯಂ ಮಾಡಿದ ಮೇಲೆ ನಾನು ಅವರನ್ನು ನೋಡಿದ್ದು. ಮಹಡಿಯಲ್ಲಿ ಈಗಿನ ಕಾಲದ ಚಿತ್ರಗಳು, ನನಗೆ ಅರ್ಥವಾಗದ ಕಬ್ಬಿಣದ ಆಕೃತಿಗಳು. ಕೆಳಗೆ ವಾಸ್ತುಶಿಲ್ಪದ ವಿಭಾಗ. ಕಡಲ್ಕೊರೆತಕ್ಕೆ ಹೋದ ಮನೆಗಳ ಮಾದರಿಗಳನ್ನು ಅಲ್ಲಿಡಬೇಕೆಂದು ಕ್ಯುರೇಟರ್ ನಿವೇದಿತಾ ಬೀಜಾಡಿಯಿಂದ ಶಿರೂರಿನವರೆಗೆ ಮನೆ ಕಳೆದುಕೊಂಡವರನ್ನು ಹುಡುಕಿದ್ದಳು. ಮರವಂತೆಯ ನನ್ನ ತವರುಮನೆಯೂ ಆ ಪಟ್ಟಿಯಲ್ಲಿತ್ತು. ನಕ್ಷೆ ಇಲ್ಲ, ಇದ್ದ ಒಂದೇ ಫೋಟೊದಲ್ಲಿ ಅಮ್ಮನ ಹಿಂದೆ ಅರ್ಧ ಬಾಗಿಲು. ಉಳಿದದ್ದೆಲ್ಲ ನನ್ನ ನೆನಪಿನಿಂದ ಬರಬೇಕಿತ್ತು. ಹಾಗಾಗಿ ಅಡಿಗೆ ಮುಗಿಸಿ ವಾರಕ್ಕೆರಡು ಮಧ್ಯಾಹ್ನ ಹೋಗುತ್ತಿದ್ದೆ.

ಮಾದರಿ ಮಾಡಲು ಆಚಾರ್ರು ಶಿರೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸಪೂರ ದೇಹ, ಕಿವಿಯ ಕೂದಲಲ್ಲಿ ಯಾವಾಗಲೂ ಮರದ ಹುಡಿ, ಸಣ್ಣ ಉಳಿಗಳೆಲ್ಲ ಹಳೆಯದೊಂದು ಕನ್ನಡಕದ ಡಬ್ಬಿಯಲ್ಲಿ. ನನ್ನ ಹತ್ತಿರ ಅಡಿ, ಅಂಗುಲ ಕೇಳುತ್ತಿರಲಿಲ್ಲ. "ನಿಮ್ಗ್ ಹತ್ತ್ ವರ್ಷ ಇಪ್ಪಾಗ ಚಿಲ್ಕ ಎಲ್ಲಿಗ್ ಬತ್ತಿತ್ತ್? ಮೂಗಿಗಾ, ಹಣಿಗಾ?" ಎಂದು ಕೇಳುವರು. ಹಣೆಗೆ ಎಂದರೆ, ಕಣ್ಣು ಮುಚ್ಚಿ ಗಾಳಿಯಲ್ಲಿ ಕೈಯಿಟ್ಟು ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕುವರು. ದೇವರ ಕೋಣೆಯ ಗೋಡೆಯಲ್ಲಿ ದೀಪದ ಗೂಡಿತ್ತೆಂದು ಹೇಳಲು ನಾನು ಮರೆತಿದ್ದೆ. ಮುಂದಿನ ವಾರ ಹೋದಾಗ ಗೂಡು ಅದರ ಜಾಗದಲ್ಲೇ ಇತ್ತು.

ಕಡಲು ಉಕ್ಕಿ ಹೊಳೆ ತುಂಬುವ ಭರತದ ಹೊತ್ತಿಗೆ ನೀರಿನ ಬೆಳಕು ಕಿಟಕಿಯಿಂದ ಬಂದು ಹಂಚಿನಡಿಯಲ್ಲಿ ಅಲೆಅಲೆಯಾಗಿ ಓಡುತ್ತಿತ್ತು. ಮೇಜಿನ ಮೇಲಿನ ಮನೆಗಳೆಲ್ಲ ನೀರಿನ ತಳದಲ್ಲಿ ನಿಂತಂತೆ ಕಾಣುತ್ತಿದ್ದವು. ಆಗ ಆಚಾರ್ರು ಉಳಿ ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದರು. ಅಂಥ ಒಂದು ಹೊತ್ತಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಬೀಜಾಡಿಯ ಮನೆಯ ಕಿಟಕಿಯೊಳಗೆ ಬೆರಳು ತೂರಿಸಿದಳು. ಆಚಾರ್ರು ಬೈಯಲಿಲ್ಲ. "ಕೈ ಹಾಕ್ಬೇಡ ಮಗಾ, ಒಳ್ಗ್ ಉಣ್ತಿದ್ರ್" ಎಂದರು. ಗೆಳತಿಯರು ಕಿಸಕ್ಕನೆ ನಕ್ಕರು. ಆ ಹುಡುಗಿ ಮಾತ್ರ ಬೆರಳು ತೆಗೆದು, ತುದಿಯನ್ನು ನೋಡಿ, ಚೂಡಿದಾರಕ್ಕೆ ಒರೆಸಿಕೊಂಡಳು.

ದೀಪದ ಗೂಡಿನ ಗುಟ್ಟು ಹೊರಬಿದ್ದದ್ದು ನಮ್ಮ ಮನೆಯ ಜಗಲಿಯ ಸರದಿ ಬಂದಾಗ. ಹೊಸಿಲಿನಿಂದ ಮೆಟ್ಟಿಲವರೆಗೆ ಎಂಟು ಸಾಲು ಕೆಂಪುಕಲ್ಲು. ಚಿಕ್ಕಂದಿನಲ್ಲಿ ಒಂದೊಂದು ಸಾಲಿಗೆ ಒಂದೊಂದು ಸಲ ಕುಂಟುತ್ತ ದಾಟುತ್ತಿದ್ದೆ. ಆಚಾರ್ರು ಏಳೇ ಸಾಲು ಕೂರಿಸಿದ್ದರು. ಯಾಕೆಂದು ಕೇಳಿದೆ. ಆ ಮನೆಯನ್ನು ಕಟ್ಟಿದ್ದೇ ತಾನು ಎಂದರು.

"ಏಳ್ ಸಾಲಿಗೆ ಲೆಕ್ಕ ಸಮ ಬಂದಿತ್ತ್. ಮೀನಿನ್ ಯಾಪಾರಕ್ಕೆ ನಾಕ್ ಜನ ಬತ್ರ್, ಇನ್ನೊಂದ್ ಸಾಲ್ ಮುಂದ್ ತಕೊ ಅಂದ್ರ್ ನಿಮ್ಮಪ್ಪಯ್ಯ. ಎಂಟ್ ಮಾಡ್ರೆ ಕಾಕಾಯ. ನಂಗ್ ಗೊತ್ತಿತ್ತ್. ಸಣ್ ಪ್ರಾಯ, ಎದ್ರ್ ಮಾತಾಡುಕ್ ಧೈರ್ಯ ಇರ್ಲಿಲ್ಲ."

ವಾಸ್ತುವಿನಲ್ಲಿ ಮನೆಯ ಅಳತೆಯನ್ನು ಭಾಗಿಸಿದಾಗ ಉಳಿಯುವ ಶೇಷಕ್ಕೆ ಆಯ ಎನ್ನುತ್ತಾರೆ. ಅದು ಕಾಗೆಯ ಪಾಲಿಗೆ ಬಂದರೆ ಕಾಕಾಯ. ಅಂಥ ಮನೆ ಉಳಿಯುವುದಿಲ್ಲವೆಂದು ಆಚಾರ್ರ ನಂಬಿಕೆ. ಮರವಂತೆಯಲ್ಲಿ ಎಷ್ಟು ಮನೆ ಹೋಗಿಲ್ಲ, ಅದಕ್ಕೆಲ್ಲ ನೀವಾ ಕಾರಣ ಎಂದು ಸಮಾಧಾನ ಹೇಳಿದೆ. ಅವರು ಅಲ್ಲವೆಂದು ತಲೆಯಾಡಿಸಿದರು.

"ಕಡ್ಲ್ ತಕಂಡ್ ಹೋದ್ದಲ್ಲ ಅಮ್ಮ. ನಾನ್ ಕೊಟ್ಟದ್. ಇದೊಂದಾರೂ ಸಮ ಮಾಡಿ ಹೋತೆ."

ಮರುವಾರವೇ ನಿವೇದಿತಾ, ಜಗಲಿಗೆ ಎಂಟು ಸಾಲು ಎಂದು ಮೊದಲು ನಾನು ಹೇಳಿದ್ದರ ರೆಕಾರ್ಡಿಂಗ್ ಹಿಡಿದು ಬಂದಳು. ಮ್ಯೂಸಿಯಂ ಅಂದ ಮೇಲೆ ಇದ್ದದ್ದು ಇದ್ದ ಹಾಗೇ ಇರಬೇಕು, ಚಂದಕ್ಕೋ ಶಕುನಕ್ಕೋ ತಿದ್ದುವ ಹಾಗಿಲ್ಲ ಎಂದು ಸೌಮ್ಯವಾಗಿಯೇ ಹೇಳಿದಳು. ಪಕ್ಕದ ಫಲಕದಲ್ಲಿ ಬರುವುದು ನನ್ನ ಹೆಸರು, ಹಾಗಾಗಿ ನನ್ನ ಮಾತೇ ಕೊನೆ. "ಆಂಟಿ, ಏಳೋ ಎಂಟೋ?"

ಆಚಾರ್ರು ಉಳಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದರು. ಕೈ ನಿಂತಿತು. ನಾನು ಓದಿದ ಕಾನ್ವೆಂಟಿನಲ್ಲಿ ಸುಳ್ಳು ಹೇಳಿದವಳನ್ನು ಸಿಸ್ಟರ್ ಹೊಡೆಯುತ್ತಿರಲಿಲ್ಲ, ಸುಮ್ಮನೆ ಮುಖ ನೋಡುತ್ತಿದ್ದರು. ಆ ನೋಟ ಈಗಲೂ ಬೆನ್ನ ಮೇಲಿದ್ದಂತೆ ಅನಿಸಿತು. "ಏಳು" ಎಂದೆ. "ಅವತ್ತು ಲೆಕ್ಕ ತಪ್ಪಿ ಹೇಳಿದೆ."

ನಿವೇದಿತಾ ಬರೆದುಕೊಂಡು ಹೋದಳು. ಆಚಾರ್ರು ಉಳಿಗಳ ಡಬ್ಬಿ ಮುಚ್ಚಿದರು. ನನ್ನ ಕಡೆ ನೋಡದೆ, "ಇವತ್ತ್ ನಿದ್ರಿ ಬತ್ತ್ ಕಾಣಿ" ಎಂದರು. ಅದೇ ಕೊನೆ. ನಾಲ್ಕು ದಿನ ಬಿಟ್ಟು ನಿವೇದಿತಾ ಫೋನ್ ಮಾಡಿದಳು. ಆಚಾರ್ರು ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ.

ಮಳೆಗಾಲ ಮುಗಿದ ಮೇಲೆ ಮರವಂತೆಯಿಂದ ತಮ್ಮ ಕರೆದ. ದಂಡೆಯ ಮರಳು ಹೊಯಿಗೆಯೆಲ್ಲ ಸರಿದು ನಮ್ಮ ಮನೆಯ ಅಡಿಪಾಯ ಕಾಣುತ್ತಿದೆ, ಬಂದು ನೋಡು ಎಂದ. ಇಳಿತದ ಹೊತ್ತಿಗೆ ಹೋದೆ. ಹೊಸಿಲಿನ ಕಲ್ಲು ಸಿಕ್ಕಿತು. ಅಲ್ಲಿಂದ ಕಲ್ಲಿನ ಸಾಲು ಎಣಿಸಿದೆ. ಏಳು. ಕಾಲಿನಿಂದ ಪಾಚಿ ಕೆರೆದು ಮತ್ತೆ ಎಣಿಸಿದೆ, ಏಳೇ. ಎದುರಿನ ಎಂಟನೆಯ ಸಾಲನ್ನು ಕಡಲು ಎಳೆದಿರಬೇಕು ಎಂದ ತಮ್ಮ. ಆದರೆ ಏಳನೆಯ ಸಾಲಿಗೆ ತಾಗಿಯೇ ಮೆಟ್ಟಿಲು ನಿಂತಿತ್ತು. ನಡುವಿನ ಸುಣ್ಣದ ಗಾರೆ ಒಂದಿಷ್ಟೂ ಬಿರಿದಿರಲಿಲ್ಲ.

ಇದು ಹೇಗಾಯಿತೆಂದು ಕೇಳಲು ಒಬ್ಬರೇ ಇದ್ದರು. ಫೋನ್ ತೆಗೆದು ಆಚಾರ್ರ ಹೆಸರು ಒತ್ತಿದ ಮೇಲೆಯೇ ಅವರಿಲ್ಲವೆಂದು ನನಗೆ ನೆನಪಾದದ್ದು. ಆಚೆ ಕಡೆ ರಿಂಗ್ ಆಗುತ್ತಿತ್ತು. ಯಾರಾದರೂ ಎತ್ತಿಬಿಟ್ಟರೆ ಎಂದು ಹೆದರಿ ಕಟ್ ಮಾಡಿದೆ.