ಕತ್ತರಿಸಿ ಎಸೆದ ಹೂಂ

ನನ್ನ ಪಾಡ್‌ಕಾಸ್ಟಿನ ಸ್ಟುಡಿಯೋ ಅಂದರೆ ಹನಗೋಡಿನ ನಮ್ಮ ಜಮೀನಿನಲ್ಲಿರುವ, ಹೊಗೆಸೊಪ್ಪು ಬೇಯಿಸುವ ಬ್ಯಾರನ್. ದಪ್ಪ ಗೋಡೆ, ಒಳಗೆ ನಾಲ್ಕು ಕಂಬಳಿ ನೇತುಹಾಕಿದರೆ ಟ್ರ್ಯಾಕ್ಟರ್ ಸದ್ದೂ ಬರುವುದಿಲ್ಲ. ಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಮಾತ್ರ ಮಾವ ನನ್ನನ್ನು ಅಲ್ಲಿಂದ ಓಡಿಸುತ್ತಾರೆ. ಆಗ ಅಡುಗೆಮನೆಯೇ ಗತಿ: ಫ್ಯಾನ್ ಆಫ್, ಕುಕ್ಕರ್ ಬಂದ್, ಯಾರಾದರೂ ಕೆಮ್ಮಿದರೆ ನನ್ನ ಬೈಗುಳ. "ಇವ್ಳ ರೇಡಿಯೋ ಮನೆ ಹಾಳಾಗ, ಉಸಿರಾಡಕ್ಕೂ ಬುಡಕಿಲ್ಲ" ಎಂದು ಅತ್ತೆ ಗೊಣಗುತ್ತಾರೆ. ಅದೂ ರೆಕಾರ್ಡ್ ಆಗಿಬಿಡುತ್ತದೆ.

ರೆಕಾರ್ಡ್ ಮಾಡುವುದು ಒಂದು ಗಂಟೆಯ ಕೆಲಸ, ಕತ್ತರಿಸುವುದು ಮೂರು ದಿನದ್ದು. ಕೆಮ್ಮು, ಕಾಗೆ, ಎಲೆಅಡಿಕೆ ಉಗಿಯುವ ಸದ್ದು ಎಲ್ಲ ತೆಗೆಯುತ್ತೇನೆ. ಮುಖ್ಯವಾಗಿ ನನ್ನದೇ ಹೂಂಗಳನ್ನು. ನಮ್ಮ ಕಡೆ ಯಾರಾದರೂ ಕಥೆ ಹೇಳಿದರೆ ಎದುರು ಕೂತವರು ಹೂಂಗುಟ್ಟಲೇಬೇಕು, ಇಲ್ಲದಿದ್ದರೆ ಕಥೆ ಅಲ್ಲೇ ನಿಲ್ಲುತ್ತದೆ. ಆದರೆ ಇಯರ್‌ಫೋನಿನಲ್ಲಿ ಕೇಳುವಾಗ ನನ್ನ ಹೂಂ ನನಗೇ ರೇಜಿಗೆ.

ಹೋದ ವರ್ಷ ಎಚ್.ಡಿ. ಕೋಟೆ ಕಡೆಯ ಒಬ್ಬ ಅಜ್ಜಿಯ ಮಾತು ರೆಕಾರ್ಡ್ ಮಾಡಿದೆ. ಅವರು ಹುಟ್ಟಿ ಬೆಳೆದ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಬಾಗಿಲು, ಹೊಸಿಲು, ತೊಲೆ ಕಿತ್ತು ಗಾಡಿಗೆ ಹೇರಿದ್ದು, ಗಾಡಿ ಊರ ಗಡಿ ದಾಟಿದ್ದು, ತಾನೊಬ್ಬಳೇ ಇಳಿದು ಮನೆಗೆ ವಾಪಸ್ ಓಡಿದ್ದು, ಇಷ್ಟು ಹೇಳಿ "ಮಿಕ್ಕಿದ್ದು ಇನ್ನೊಂದಿನ, ದನ ಬಂದ್ವು" ಎಂದು ಎದ್ದರು. ಅಷ್ಟನ್ನೇ ಮೊದಲ ಕಂತಾಗಿ ಹಾಕಿದೆ. ಯಾಕೆ ವಾಪಸ್ ಓಡಿದರು ಅಂತ ಕೇಳಿದವರೆಲ್ಲ ನನ್ನ ತಲೆ ತಿಂದರು. ನನಗೂ ಗೊತ್ತಿರಲಿಲ್ಲ.

ಎರಡನೇ ಸಲ ಸ್ಕೂಟರಿನಲ್ಲಿ ಹೋದಾಗ ಅಜ್ಜಿ ಮುಖ ತಿರುಗಿಸಿದರು. ಸೊಸೆ ಫೋನಿನಲ್ಲಿ ಆ ಕಂತು ಕೇಳಿಸಿದ್ದಳಂತೆ.

"ನೀನು ನನ್ನೆದುರ್ಗೇ ಕೂತಿದ್ದೆ ತಾನೆ? ಮಾತ್ಮಾತ್ಗೂ ಹೂಂ ಅಂದೆ ತಾನೆ? ಎಲ್ಲೋದ್ವು ಅವು? ಮುದ್ಕಿ ಗೋಡೆ ಜೊತೆ ಮಾತಾಡ್ತಾ ಕೂತವ್ಳೆ ಅಂತಾರೆ ಕಣವ್ವ, ಕೇಳ್ದೋರು. ಮಿಕ್ಕಿದ್ದ ನಾ ಹೇಳಕಿಲ್ಲ, ಓಗು."

ಸಿಟ್ಟು ಬಂತು. ಮೂರು ದಿನ ಕೂತು ಮಾಡಿದ ಕೆಲಸಕ್ಕೆ ಮೂರು ಕಾಸಿನ ಮರ್ಯಾದೆ ಇಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ಮನೆಯಲ್ಲಿ ಕೂತು ಮತ್ತೆ ಕೇಳಿದೆ. ಅಯ್ಯೋ, ನಿಜವೇ! ಒಂದೊಂದು ಮಾತು ಮುಗಿದಾಗಲೂ ಅಜ್ಜಿ ಕಾಯುತ್ತಿದ್ದರು, ಹೂಂ ಇದ್ದ ಕಡೆಯೆಲ್ಲ ಬರೀ ಮೌನ. ನಾಚಿಕೆಯಾಯಿತು. ಪುಣ್ಯಕ್ಕೆ ಮೂಲ ರೆಕಾರ್ಡಿಂಗ್ ಅಳಿಸಿರಲಿಲ್ಲ. ಎಲ್ಲ ಹೂಂಗಳನ್ನೂ ಅವವುಗಳ ಜಾಗದಲ್ಲಿ ಕೂರಿಸಿ, ಕಂತನ್ನು ಹೊಸದಾಗಿ ಹಾಕಿ, ಅಜ್ಜಿಗೆ ಕೇಳಿಸಲು ಹೋದೆ.

ಪೂರ್ತಿ ಕೇಳಿದರು. "ಈಗ ಸರಿ ಬುಡು. ನಿನ್ ಮೈಕ್ ಆಕು."

ಹಾಕಿದೆ.

"ಹೊಂಟಾಗ ಮನೇಗೆ ಹೇಳಿ ಬಂದಿರ್ನಿಲ್ಲ ನಾನು. ಅದ್ಕೇ ವಾಪಸ್ ಓಡಿದ್ದು."

"ಹೂಂ."

"ಒಸ್ಲೂ ಕಿತ್ಕೊಂಡಿದ್ರು. ಒಸ್ಲಿದ್ದ ಜಾಗ್ದಲ್ಲೇ ನಿಂತ್ಕೊಂಡು, ಓಗ್ಬತ್ತೀನಿ ಅಂದೆ."

"ಹೂಂ."

"ದಿನಾ ಯಾರಾರಾ ಒಳಗಿಂದ, ಹೂಂ ಓಗ್ಬಾ ಅನ್ನೋರು. ಅವತ್ತು ಯಾರೂ ಅನ್ನಿಲ್ಲ ಕಣವ್ವ."

ಅಜ್ಜಿ ನನ್ನ ಮುಖವನ್ನೇ ನೋಡುತ್ತಾ ಕಾದರು.

"ಹೂಂ ಅಜ್ಜಿ," ಅಂದೆ. "ಹೋಗ್ಬನ್ನಿ."