ಹಡಗಲಿ ಬಸ್ಸಿಗೆ ಕೊಟ್ಟ ಪುಸ್ತಕ

ಪುಸ್ತಕವನ್ನು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಹಡಗಲಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಾಗ ನನಗೆ ಹೆಮ್ಮೆಯೇ ಇತ್ತು. ಬಸ್ಸು ಕೂಡ್ಲಿಗಿ ನಿಲ್ದಾಣ ಬಿಟ್ಟು ಕೊಟ್ಟೂರು ರಸ್ತೆಗೆ ತಿರುಗಿದ ಮೇಲೆ ಒಂದು ಚಹಾ ಹೇಳಿದೆ. ಮೊದಲ ಗುಟುಕಿಗೇ ನೆನಪಾಯಿತು. ನಾನು ಯಾರಿಗೆ ಕಳಿಸಿದ್ದೆನೋ ಅವರ ಹೆಂಡತಿ ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಕಳಿಸಿದ್ದು, ಸತ್ತ ಹೆಂಡತಿ ಮನೆಗೆ ವಾಪಸು ಬರುವ ಕಾದಂಬರಿ.

ನಾವು ಐದು ಊರಿನ ಐದು ಜನ ಓದುಗರು. ಕೂಡ್ಲಿಗಿಯಿಂದ ನಾನು, ಇಲ್ಲಿನ ಕಾಲೇಜೊಂದರಲ್ಲಿ ಗಣಿತ ಹೇಳುವವಳು. ಕೊಟ್ಟೂರಿನಿಂದ ಒಬ್ಬ ನರ್ಸ್, ಹರಪನಹಳ್ಳಿಯಿಂದ ಒಬ್ಬ ನಿವೃತ್ತ ಮೇಷ್ಟ್ರು, ಹಡಗಲಿಯಿಂದ ಮಲ್ಲಿಗೆ ತೋಟದವರು. ಐದನೆಯವರದು ಹಗರಿಬೊಮ್ಮನಹಳ್ಳಿಯಲ್ಲಿ ನೋಟ್‌ಬುಕ್ಕಿನ ಅಂಗಡಿ. ಎಲ್ಲರಿಗೂ ನಡುವಿನ ಊರೆಂದು ಆ ಅಂಗಡಿಯ ಮಹಡಿಯ ಮೇಲೇ ಸೇರುತ್ತೇವೆ. ಒಂದೇ ಪ್ರತಿ ಕೊಳ್ಳುವುದು, ಅದು ಬಸ್ಸಿನಲ್ಲಿ ಊರಿಂದೂರಿಗೆ ಹೋಗುವುದು, ಎಲ್ಲರೂ ಓದಿದ ಮೇಲೆ ಒಂದು ಭಾನುವಾರ ಕೂತು ಜಗಳಾಡುವುದು.

ಜಗಳ ಹೆಚ್ಚಾಗಿ ನನಗೂ ಮೇಷ್ಟ್ರಿಗೂ. ಇಲ್ಲದ ಲೋಕದ ಕಥೆಗಳೆಂದರೆ ನನಗೆ ಪ್ರಾಣ. ಅವರಿಗೆ ಅವೆಲ್ಲ ಕಾಲಹರಣ. "ಆಗದೇ ಇರೋದನ್ನ ಬರೆದ್ರೆ ಯಾರು ನಂಬ್ತಾರೆ ಮೇಡಂ? ಮಕ್ಕಳನ್ನ ಮಲಗ್ಸೋಕೆ ಸರಿ" ಅನ್ನುತ್ತಾರೆ. ನಾನೂ ಬಿಡುವವಳಲ್ಲ. ಲೆಕ್ಕದಲ್ಲಿ 'ಹೀಗಿದೆ ಎಂದುಕೊಳ್ಳೋಣ' ಅಂತ ಶುರುಮಾಡುವುದಿಲ್ಲವೇ, ಒಂದು ಸುಳ್ಳನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ನಿಜವಾಗಿಯೇ ನಡೆಯಬೇಕು, ಇಂಥ ಕಥೆ ಬದುಕನ್ನು ನೇರವಾಗಿ ಮುಟ್ಟುತ್ತದೆ ಎಂದು ಐದು ವರ್ಷದಿಂದ ಗಂಟಲು ಹರಿದುಕೊಂಡಿದ್ದೇನೆ. ಮುಟ್ಟುತ್ತದೆ ಎನ್ನುವುದು ಆ ಪುಸ್ತಕಕ್ಕೆ ದಾರ ಕಟ್ಟುವಾಗ ಮಾತ್ರ ನನಗೇ ಹೊಳೆಯಲಿಲ್ಲ.

ಹೇಗೆ ಮರೆತೆ ಅಂದರೆ ಅದಕ್ಕೂ ನನ್ನ ಶಿಸ್ತೇ ಕಾರಣ. ಹಡಗಲಿಯವರ ಸರದಿ ಬಂದಾಗಲೇ ಅವರ ಮನೆಯಲ್ಲಿ ಸಾವಾಗಿತ್ತು. ನಾವು ನಾಲ್ವರೂ ಮಣ್ಣಿಗೆ ಹೋಗಿ ಬಂದೆವು, ಪುಸ್ತಕ ಅವರನ್ನು ಬಿಟ್ಟು ಮುಂದಕ್ಕೆ ಹೋಯಿತು. ಎಲ್ಲರದೂ ಮುಗಿದು ನನ್ನ ಕೈಗೆ ಬಂದಾಗ ಪಟ್ಟಿ ನೋಡಿದೆ. ಒಂದೇ ಹೆಸರಿನ ಮುಂದೆ ಗುರುತು ಬಿದ್ದಿರಲಿಲ್ಲ. ಖಾಲಿ ಜಾಗ ಕಂಡರೆ ತುಂಬದೆ ಇರಲಾರದ ಕೆಟ್ಟ ಚಾಳಿ ನನ್ನದು. ಮನುಷ್ಯನನ್ನು ನೋಡಲಿಲ್ಲ, ಪಟ್ಟಿ ನೋಡಿದೆ.

ಕಾದಂಬರಿಯಲ್ಲಿ ಒಂದು ನಿಯಮವಿದೆ. ಆ ಊರಿನಲ್ಲಿ ಸತ್ತವರು ಒಂದು ದಿನದ ಮಟ್ಟಿಗೆ ಮನೆಗೆ ಬರಬಹುದು. ಆದರೆ ಮನೆಯವರು ಅವರನ್ನು ಏನನ್ನೂ ಕೇಳುವಂತಿಲ್ಲ, ಕೇಳಿದ ಕ್ಷಣಕ್ಕೆ ಅವರು ಇಲ್ಲವಾಗುತ್ತಾರೆ. ಗಂಡ ಹಗಲೆಲ್ಲ ಬಾಯಿ ಕಟ್ಟಿಕೊಂಡಿದ್ದು, ಹೊತ್ತು ಮುಳುಗುವಾಗ ತಡೆಯಲಾರದೆ ಕೇಳಿಬಿಡುತ್ತಾನೆ, ನನ್ನನ್ನು ಕ್ಷಮಿಸಿದೆಯಾ ಅಂತ. ಆ ಪುಟ ಓದಿ ನಾನು ಅತ್ತಿದ್ದೆ. ಈಗ ಅದೇ ಪುಟ ಹಡಗಲಿಯ ಆ ಮನೆಯಲ್ಲಿ ತೆರೆದುಕೊಳ್ಳಲಿತ್ತು.

ಚಹಾ ಬಿಟ್ಟು ಫೋನ್ ಮಾಡಿದೆ. ಪೊಟ್ಟಣ ಬಿಚ್ಚಬೇಡಿ ಅನ್ನಬೇಕಿತ್ತು. ರಿಂಗಾಯಿತು, ಎತ್ತಲಿಲ್ಲ. ಮಧ್ಯಾಹ್ನ ಮಾಡಿದೆ, ಮರುದಿನ ಮಾಡಿದೆ, ವಾರವಿಡೀ ಮಾಡಿದೆ. ತೋಟದಲ್ಲಿ ಕೆಲಸವಿರಬೇಕು ಅಂದುಕೊಂಡೆ. ಸಿಟ್ಟಾಗಿದ್ದಾರೆ ಅಂದುಕೊಂಡೆ. ಆಮೇಲೆ ಸಿಟ್ಟಿಗಿಂತ ಕೆಟ್ಟದ್ದೆಲ್ಲ ತಲೆಗೆ ಬರತೊಡಗಿತು. ಕೊಟ್ಟೂರಿನ ನರ್ಸಿಗೆ ಹೇಳಿಕೊಂಡರೆ, "ಹೂವಿನ ಮಾರ್ಕೆಟ್ಟಿಗೆ ದಿನಾ ಬರ್ತಾರಂತ್ರಿ, ಆರಾಮ ಅದಾರ. ನೀವು ಸುಮ್ನಿರ್ರಿ" ಅಂದಳು. ಆರಾಮವಾಗಿದ್ದವರು ನನ್ನ ಫೋನ್ ಮಾತ್ರ ಎತ್ತುವುದಿಲ್ಲ ಎಂದಾದರೆ ಅರ್ಥ ಸ್ಪಷ್ಟವಾಯಿತಲ್ಲ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತ ಎರಡು ಸಲ ತಪ್ಪಿದೆ. ಎದ್ದು ಹಡಗಲಿಗೇ ಹೋಗಿಬಿಡಬಹುದಿತ್ತು. ಧೈರ್ಯವಾಗಲಿಲ್ಲ.

ಮೂರು ವಾರದ ಮೇಲೆ ಸೇರುವ ಭಾನುವಾರ ಬಂತು. ಅವರು ಬರಲಾರರು ಎಂದೇ ಮಹಡಿ ಹತ್ತಿದೆ. ನಮಗಿಂತ ಮೊದಲೇ ಬಂದು ಕೂತಿದ್ದರು, ಮಡಿಲಲ್ಲಿ ಪುಸ್ತಕ. ನನ್ನ ಮುಖ ನೋಡಲಿಲ್ಲ. ನಾನು ತಪ್ಪಾಯಿತು ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರುಮಾಡಿದರು.

"ಪುಸ್ತಕ ಚಲೋ ಐತಿ. ಒಂದು ಕಡೆ ಮಾತ್ರ ತಪ್ಪೈತಿ" ಅಂದರು. "ಆ ಗಂಡ ಬೆಳಿಗ್ಗಿಂದ ಸಂಜೀತನಕ ಏನೂ ಕೇಳದ ಕುಂತಾನ. ನನ್ನ ಕಡಿಂದ ಅದು ಆಗೂದಲ್ಲ. ಆಕಿ ಹೊಸ್ತಿಲ ದಾಟೂದ್ರಾಗ ನಾನು 'ಉಂಡಿಯೇನ' ಅಂದುಬಿಡ್ತೀನಿ. ತೋಟದಿಂದ ಬಂದಾಗೆಲ್ಲ ಮೂವತ್ತು ವರ್ಷ ಅದನ್ನ ಕೇಳೀನಿ. ಅಲ್ಲಿಗೆ ಆಕಿ ಹೋದ್ಲು. ನನ್ನ ಕಥಿ ಒಂದ ಪುಟಕ್ಕ ಮುಗೀತೈತಿ."

ನಾನು ನೆಲ ನೋಡುತ್ತ ಕೂತೆ. ಅಷ್ಟರಲ್ಲಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಈಗ ಇವರು 'ಯಾರು ನಂಬ್ತಾರೆ' ಅಂದುಬಿಟ್ಟರೆ ಗತಿಯೇನೆಂದು ನನಗೆ ಬೆವರು.

"ನೀವು ಕೇಳ್ಬೇಡ್ರಿ" ಅಂದರು ಮೇಷ್ಟ್ರು. "ತಟ್ಟೆಗೆ ಬಡಿಸಿ ಮುಂದೆ ಇಟ್ಬಿಡ್ರಿ. ಅದು ಕೇಳಿದಂಗಾಗಲ್ಲ."

"ಆಕಿ ಒಲ್ಲೆ ಅಂದ್ರ?"

"ಅಂದ್ರೆ ಅನ್ಲಿ. ಮಾತಾಡಿದ್ದು ಅವ್ರು, ನೀವಲ್ಲ."

"ಯಾಕ ಅಂತ ಕೇಳ್ತೀನಲ್ರಿ ಮೇಷ್ಟ್ರ."

ಮೇಷ್ಟ್ರು ತುಸು ಯೋಚಿಸಿದರು. "ಬಾಯ್ತುಂಬ ಎಲೆ ಅಡಿಕೆ ಹಾಕ್ಕಂಡು ಕೂತ್ಕಳ್ರಿ. ಒಂದು ದಿನ ತಾನೆ."

ತೋಟದವರು ನಕ್ಕರು. ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಐದು ವರ್ಷದ ನನ್ನ ವಾದ ಅಲ್ಲಿ ಗೆದ್ದಿತ್ತು. ಅದನ್ನು ಎತ್ತಿ ಆಡುವ ಮನಸ್ಸೇ ಬರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಾನು, ತೋಟದವರು ಇಬ್ಬರೇ ಉಳಿದಾಗ ಹೇಳಿದೆ. ಆ ಪುಸ್ತಕ ಕಳಿಸಬಾರದಿತ್ತು, ಮರೆತು ಕಳಿಸಿದೆ, ಎಷ್ಟು ಸಲ ಫೋನ್ ಮಾಡಿದೆ ಗೊತ್ತಾ ಅಂದೆ.

"ಗೊತ್ತೈತ್ರಿ ಅಕ್ಕೋರ" ಅಂದರು. "ಮರತು ಕಳಿಸ್ಯಾರ ಅಂತ ಮೊದಲ್ನೇ ಪುಟಕ್ಕ ತಿಳೀತು. ಫೋನ್ ಎತ್ತಿದ್ರ ಎಲ್ಲಿ ವಾಪಸ್ ಕೇಳ್ತೀರೋ ಅಂತ ನಾನ ಎತ್ತಲಿಲ್ಲ."

ಪುಸ್ತಕ ಇನ್ನೂ ಅವರ ಕಂಕುಳಲ್ಲೇ ಇತ್ತು. ನಾನು ಕೇಳಲಿಲ್ಲ.