ಟೆರೇಸಿಗೆ ಹಾಕಿದ ಕೆಂಪು ಪರದೆ

ಆ ಮೀನುಗಾರರ ಊರಿನಲ್ಲಿ ತಲೆಯೆತ್ತಿ ನೋಡಬೇಕಾದ ಕಟ್ಟಡ ಒಂದೇ. ಅದರ ನೆತ್ತಿಯ ಮೇಲಿದ್ದ ಪೆಂಟ್‌ಹೌಸನ್ನು ಮಾರಾಟಕ್ಕಿಟ್ಟು ವರ್ಷಗಳೇ ಕಳೆದಿದ್ದವು. ಬಂದವರು ಬೆಲೆ ಕೇಳಿ, ಹತ್ತಿದ ಲಿಫ್ಟಿನಲ್ಲೇ ಇಳಿದು ಹೋಗುತ್ತಿದ್ದರು. ಅದನ್ನು ಗುಡಿಸಿ ಒರೆಸಿ, ಬಂದವರಿಗೆ ಬಾಗಿಲು ತೆಗೆಯುವ ಹೆಂಗಸಿನ ಸೊಂಟದಲ್ಲಿ ಸದಾ ಬೀಗದ ಕೈ ಇರುತ್ತಿದ್ದುದರಿಂದ ಊರಿಗೆಲ್ಲ ಅವಳು ಕೀಲಿಕೈ ಅಕ್ಕ.

ಮನೆ ಮಾರಾಟವಾಗದಿರಲಿ ಎಂದು ಬೇಡಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಕಟ್ಟಡ ಎದ್ದ ಜಾಗದಲ್ಲಿ ಹಿಂದೆ ಅವಳ ಅತ್ತೆಯ ಮಹಡಿಮನೆ ಇತ್ತು. ಹೊಸದಾಗಿ ಮದುವೆಯಾಗಿ ಬಂದಾಗ ಮಹಡಿಯ ಕಿಟಕಿಯಲ್ಲಿ ನಿಂತು ಗಂಡನ ದೋಣಿಗೆ ಕಾಯುತ್ತಿದ್ದಳು. “ನೀನು ನೋಡಿದ್ರೆ ದೋಣಿ ಬೇಗ ಬರಲ್ಲಮ್ಮ, ಒಲೆ ಮೇಲಿನ ಹಾಲು ಮಾತ್ರ ಉಕ್ಕುತ್ತೆ,” ಎಂದು ಅತ್ತೆ ಛೇಡಿಸುತ್ತಿದ್ದರು. ಅತ್ತೆ ಹೋದರು, ಮನೆಯೂ ಹೋಯಿತು. ಆದರೆ ಈ ಟೆರೇಸಿನಲ್ಲಿ ನಿಂತರೆ ಅದೇ ಸಮುದ್ರ, ಅದೇ ಹಸಿರು ದೋಣಿ, ಚುಕ್ಕಾಣಿ ಹಿಡಿದ ಅದೇ ಮನುಷ್ಯ. ಕೂದಲು ಮಾತ್ರ ಬೆಳ್ಳಗಾಗಿತ್ತು. ದಿನದಲ್ಲಿ ಅವಳಿಗೆ ಸುಖವೆನಿಸುತ್ತಿದ್ದುದು ಆ ಒಂದು ಗಳಿಗೆ.

ಒಂದು ಬೆಳಿಗ್ಗೆ, ದೊಡ್ಡ ಕುಳಗಳು ಬರುತ್ತಿದ್ದಾರೆಂದು ಬ್ರೋಕರ್ ಫೋನ್ ಮಾಡಿದ. ಅಕ್ಕ ಗಡಿಬಿಡಿಯಲ್ಲಿ ಹಜಾರದ ಕೆಂಪು ಪರದೆಯನ್ನು ಒಗೆದು ಟೆರೇಸಿನ ಕಂಬಿಗೆ ಹರವಿದಳು. ಹಿಂದೆ ಗಾಳಿ ಕೆಟ್ಟರೆ, ಯಾರ ಮನೆಯಲ್ಲಾದರೂ ಸಾವಾದರೆ, ಅತ್ತೆಯ ಮಹಡಿಯಿಂದ ಕೆಂಪು ಬಟ್ಟೆ ಇಳಿಬಿಡುತ್ತಿದ್ದರು. ಇದ್ದ ದೋಣಿಗಳೆಲ್ಲ ಹಿಂತಿರುಗಬೇಕೆಂದು ಅದರ ಅರ್ಥ. ಫೋನು ಬಂದ ಮೇಲೆ ಆ ಪದ್ಧತಿ ನಿಂತಿತ್ತು. ಅವಳು ಮರೆತಿದ್ದಳು, ಸಮುದ್ರದಲ್ಲಿದ್ದವರು ಮರೆತಿರಲಿಲ್ಲ.

ಬಂದ ಗಂಡಹೆಂಡತಿಗೆ ಅಡುಗೆಮನೆಯೂ ಹಿಡಿಸಲಿಲ್ಲ, ಮಲಗುವ ಕೋಣೆಯೂ ಹಿಡಿಸಲಿಲ್ಲ. ಬ್ರೋಕರನ ಮುಖ ಹುಳ್ಳಗಾಯಿತು, ಅಕ್ಕನ ಮುಖ ಅರಳಿತು. ಕೊನೆಗೆ ಟೆರೇಸಿಗೆ ಬಂದರೆ, ಸಮುದ್ರದ ತುಂಬ ಚೆಲ್ಲಿದ್ದ ದೋಣಿಗಳೆಲ್ಲ ಒಂದರ ಹಿಂದೊಂದು ದಡಕ್ಕೆ ಬರುತ್ತಿದ್ದವು.

“ನೋಡ್ರೀ, ಎಷ್ಟು ಚೆನ್ನಾಗಿದೆ,” ಎಂದಳು ಹೆಂಡತಿ. “ದಿನಾ ಹೀಗೇ ಬರ್ತಾವಾ?”

“ದಿನಾ ಮೇಡಂ,” ಎಂದು ಬ್ರೋಕರ್ ರೆಪ್ಪೆ ಬಡಿಯದೆ ಹೇಳಿದ.

ಅಕ್ಕ ನಾಲಿಗೆ ಕಚ್ಚಿಕೊಂಡು ಪರದೆಯನ್ನು ಸರಕ್ಕನೆ ಎಳೆದಳು. ಆಗಲೇ ವ್ಯಾಪಾರ ಕುದುರಿತ್ತು.

ಅವಳು ಕೆಳಗಿಳಿಯುವಷ್ಟರಲ್ಲಿ ಗಂಡ ಒದ್ದೆ ಬಟ್ಟೆಯಲ್ಲೇ ಏದುಸಿರು ಬಿಡುತ್ತ ಓಡಿ ಬಂದ. “ಏನಾಯ್ತೇ? ಯಾರಿಗೇನಾಯ್ತು?”

“ಯಾರಿಗೂ ಏನೂ ಆಗಿಲ್ಲ. ಪರದೆ ಒಣಗಿಸಿದ್ದೆ.”

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಅಂದಿನ ಮೀನು ಕಳೆದುಕೊಂಡ ಗಂಡಸರು ಅವಳನ್ನು ಬಹಳ ದಿನ ಬಿಡಲಿಲ್ಲ. “ಅಕ್ಕ, ಇವತ್ತೇನಾದ್ರೂ ಒಗೆಯೋದಿದ್ರೆ ಮೊದಲೇ ಹೇಳಿಬಿಡು, ನಾವು ಮನೇಲೇ ಮಲಗ್ತೀವಿ,” ಎನ್ನುತ್ತಿದ್ದರು. ಅವಳೂ ನಗುತ್ತಿದ್ದಳು. ಬೀಗದ ಕೈ ಒಪ್ಪಿಸಿದ ದಿನ ಮಾತ್ರ ನಗು ಬರಲಿಲ್ಲ. ಕೈ ಮತ್ತೆ ಮತ್ತೆ ಬರಿದಾದ ಸೊಂಟಕ್ಕೆ ಹೋಗುತ್ತಿತ್ತು.

ಮರುದಿನ ಅವಳು ಎಲ್ಲರಂತೆ ಮರಳಿನ ಮೇಲೆ ನಿಂತು ಕಾದಳು. ಅಲ್ಲಿಂದ ದೋಣಿ ತೀರ ಹತ್ತಿರ ಬರುವವರೆಗೂ ಗುರುತು ಸಿಗಲಿಲ್ಲ. ಗಂಡ ಕೆಳಗೆ ಹಾರಿದವನು ಅವಳ ಕಡೆ ತಿರುಗದೆ ಕಟ್ಟಡದ ತುದಿಯನ್ನೇ ನೋಡುತ್ತ ನಿಂತ.

“ಮೇಲೇನು ನೋಡ್ತೀರಿ? ನಾನಿಲ್ಲಿದ್ದೀನಿ.”

“ಅಭ್ಯಾಸ,” ಎಂದ ಅವನು. “ದಿನಾ ನೀನು ಅಲ್ಲಿ ನಿಂತಿರೋದು ಕಂಡ ಮೇಲೇ ನನಗೆ ದಡ ಬಂತು ಅನ್ನಿಸ್ತಿತ್ತು.”

ಇಷ್ಟು ವರ್ಷ ನೋಡುತ್ತಿದ್ದವಳು ತಾನೊಬ್ಬಳೇ ಎಂದುಕೊಂಡಿದ್ದಳು ಅವಳು.

“ಒಂದು ದಿನಾನೂ ಹೇಳಲಿಲ್ಲವಲ್ಲ.”

“ಹೇಳಿದ್ರೆ ನೀನು ನಾಚ್ಕೊಂಡು ಒಳಗೆ ಹೋಗಿಬಿಡ್ತಿದ್ದೆ,” ಎಂದು ಅವನು ಬಲೆಯ ಒಂದು ತುದಿಯನ್ನು ಅವಳ ಕೈಗಿತ್ತ.